ಬಿಲ್ಲುಂಡಿನ ಬಡಗಿ

ಗಾಡಿಯನ್ನು ಎಳೆದು ಆಡುವ ಸಂತೋಷ ಬಹು ಪುರಾತನವಾದುದು. ಸಿಂಧೂ ಕಣಿವೆಯ ಹಳೆಯ ನೆಲೆಗಳನ್ನು ಅಗೆದಾಗ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು ದೊರೆತಿವೆ. ದೊಡ್ಡವರು ಏರಿ ಹೋಗುವ ವಾಹನ ಯಾವುದೋ, ಅದರ ಕಿರುರೂಪವೇ ಎಲ್ಲ ಕಾಲದಲ್ಲಿಯೂ ಮಕ್ಕಳ ಕೈಯಲ್ಲಿ ಆಟಿಕೆಯಾಗಿದೆ. ಉಗಿಬಂಡಿ ಬಂದಾಗ ಆಟದ ಉಗಿಬಂಡಿಯೂ ಬಂದಿತು. ಮೋಟಾರು ಗಾಡಿ ಬಂದಾಗ ಆಟದ ಮೋಟಾರು ಗಾಡಿಯೂ ಬಂದಿತು. ಆದರೆ ಅಂಗಡಿಯಿಂದ ಕೊಂಡು ತಂದ ಗಾಡಿ ಒಂದು ಬಗೆ, ತಾನೇ ಕಟ್ಟಿದ ಗಾಡಿ ಮತ್ತೊಂದು ಬಗೆ. ಕೊಂಡ ಗಾಡಿ ಓಡದೆ ಹೋದರೆ ಮಗು ಅಳುತ್ತದೆ. ಕಟ್ಟಿದ ಗಾಡಿ ಓಡದೆ ಹೋದರೆ ಅದೇ ಮಗು ಅದನ್ನು ಬಿಚ್ಚಿ ನೋಡುತ್ತದೆ.

ಇಂದು ಅನೇಕ ದೇಶಗಳಲ್ಲಿ ಮಕ್ಕಳು, ಅವರಷ್ಟೇ ಉತ್ಸಾಹದಿಂದ ದೊಡ್ಡವರು, ಪ್ಲಾಸ್ಟಿಕ್ಕಿನ ಚಿಕ್ಕ ಚಿಕ್ಕ ಇಟ್ಟಿಗೆಗಳನ್ನು ಒಂದರ ಮೇಲೊಂದು ಒತ್ತಿ ಕೂಡಿಸಿ ವಾಹನಗಳನ್ನು ಕಟ್ಟುತ್ತಾರೆ. ಅವುಗಳ ಒಳಗೆ ಇರುಸುಗಳಿರುತ್ತವೆ, ಹಲ್ಲುಚಕ್ರಗಳಿರುತ್ತವೆ, ಬ್ಯಾಟರಿಯಿಂದ ತಿರುಗುವ ಪುಟ್ಟ ಮೋಟಾರು ಇರುತ್ತದೆ. ಗುಂಡಿಯನ್ನು ಒತ್ತಿದೊಡನೆ ಟ್ರಾಕ್ಟರು ಏರನ್ನು ಹತ್ತುತ್ತದೆ, ಕ್ರೇನು ಭಾರವನ್ನು ಎತ್ತುತ್ತದೆ. ಈ ಹವ್ಯಾಸವು ಯಾವ ದೊಡ್ಡ ನಗರದಲ್ಲಿಯೂ, ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಹುಟ್ಟಲಿಲ್ಲ. ಡೆನ್ಮಾರ್ಕ್ ದೇಶದ ಒಂದು ಕುಗ್ರಾಮದಲ್ಲಿ, ಸಾಲದಲ್ಲಿ ಮುಳುಗಿದ್ದ ಒಬ್ಬ ಬಡಗಿಯ ಕೊಟ್ಟಿಗೆಯಲ್ಲಿ ಇದರ ಬೇರು ಇದೆ. ಆ ಬಡಗಿಯ ಹೆಸರು ಓಲೆ ಕಿರ್ಕ್ ಕ್ರಿಸ್ಟಿಯನ್ಸೆನ್.

ಯುರೋಪಿನ ಉತ್ತರಭಾಗದಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಜಟ್ಲೆಂಡ್ ಎಂಬ ಪರ್ಯಾಯದ್ವೀಪವು ಡೆನ್ಮಾರ್ಕಿನ ಬಹುಭಾಗ. ಅದರ ನಡುವೆ ಮರಳು ಬೆರೆತ ನೆಲದ, ಕುರುಚಲು ಗಿಡಗಳ ವಿಸ್ತಾರವಾದ ಬಯಲುಗಳಿದ್ದವು. ಬೆಳೆ ಕಡಮೆ, ಗಾಳಿ ಹೆಚ್ಚು. ಇಂತಹ ನೆಲದ ಒಂದು ಬಡ ಒಕ್ಕಲು ಕುಟುಂಬದಲ್ಲಿ 1891ನೆಯ ಇಸವಿ ಏಪ್ರಿಲ್ 7ರಂದು ಓಲೆ ಜನಿಸಿದನು. ಮನೆ ತುಂಬ ಮಕ್ಕಳು. ಎಳೆಯ ವಯಸ್ಸಿನಲ್ಲಿಯೇ ಆತನು ಕುರಿ ಕಾಯಲು ಹೋಗಬೇಕಾಯಿತು. ಕುರಿಗಳು ಮೇಯುವಷ್ಟು ಹೊತ್ತೂ ಮರದ ತುಂಡುಗಳನ್ನು ಚಾಕುವಿನಿಂದ ಕೆತ್ತುತ್ತ ಕುಳಿತಿರುತ್ತಿದ್ದನೆಂದು ಹೇಳುತ್ತಾರೆ. ಹದಿನಾಲ್ಕನೆಯ ವಯಸ್ಸಿನಲ್ಲಿ ತನ್ನ ಅಣ್ಣನೊಬ್ಬನ ಬಳಿಯಲ್ಲಿಯೇ ಬಡಗಿ ಕೆಲಸದ ಅಭ್ಯಾಸಕ್ಕೆ ಸೇರಿದನು. ಗರಗಸ, ಉಳಿ, ಉಜ್ಜುಗೊರಡುಗಳು ಕೈಗೆ ಒಗ್ಗಿದ ಮೇಲೆ ಕೆಲಸವನ್ನು ಅರಸಿಕೊಂಡು ಜರ್ಮನಿಗೂ ನಾರ್ವೆಗೂ ಹೋದನು. ನಾರ್ವೆಯಲ್ಲಿ ಆತನಿಗೆ ಹನ್ಸೀನೆ ಎಂಬ ಯುವತಿಯ ಪರಿಚಯವಾಯಿತು. ಸ್ವದೇಶಕ್ಕೆ ಹಿಂದಿರುಗಿ, ಕೂಡಿಟ್ಟ ಹಣದಿಂದ 1916ರಲ್ಲಿ ಬಿಲ್ಲುಂಡ್ ಎಂಬ ಹಳ್ಳಿಯಲ್ಲಿ ಒಂದು ಬಡಗಿ ಕಾರ್ಯಾಗಾರವನ್ನು ಕೊಂಡುಕೊಂಡನು. ಹನ್ಸೀನೆಯೊಡನೆ ಆತನ ಸಂಸಾರ ಅಲ್ಲಿಯೇ ಪ್ರಾರಂಭವಾಯಿತು.

ಅಂದಿನ ಬಿಲ್ಲುಂಡ್ ಎಂದರೆ ದಾರಿಯ ಎರಡು ಬದಿಗಳಲ್ಲಿ ಕೆಲವೇ ಮನೆಗಳಿದ್ದ ಊರು. ಸುತ್ತಣ ರೈತರಿಗೆ ಮನೆ ಕಟ್ಟಿಕೊಡುವುದು, ಬಾಗಿಲು ಕಿಟಕಿಗಳನ್ನು ಮಾಡುವುದು, ಚಳಿಗಾಲದಲ್ಲಿ ಮೇಜು ಕುರ್ಚಿಗಳನ್ನು ಸಿದ್ಧಪಡಿಸುವುದು, ಇವು ಓಲೆಯ ಕಸುಬಾದುವು. ಆತನು ದೈವಭಕ್ತನು, ವಿನೋದಪ್ರಿಯನು, ಲೆಕ್ಕಾಚಾರದಲ್ಲಿ ಮಾತ್ರ ಅಷ್ಟು ಚತುರನಲ್ಲ. ಮಾಡಿದ ಕೆಲಸದ ಹಣವನ್ನು ಕೇಳಿ ಪಡೆಯುವುದಕ್ಕಿಂತ ಮುಂದಿನ ಕೆಲಸವನ್ನು ಚೆನ್ನಾಗಿ ಮಾಡುವುದರಲ್ಲಿ ಆತನ ಮನಸ್ಸು ಹೆಚ್ಚಾಗಿತ್ತು. ನಾಲ್ವರು ಗಂಡುಮಕ್ಕಳು ಹುಟ್ಟಿದರು. ಅವರಲ್ಲಿ ಮೂರನೆಯವನು 1920ರಲ್ಲಿ ಹುಟ್ಟಿದ ಗಾಟ್‌ಫ್ರೆಡ್. ಮುಂದೆ ತಂದೆಯ ಕೆಲಸವನ್ನು ಲೋಕಕ್ಕೆಲ್ಲ ಹರಡಿದವನು ಇವನೇ.

ಆದರೆ ಈ ಮಗನ ಹೆಸರು ಮೊದಲು ಕೇಳಿಬರುವುದು ಒಂದು ಅನಾಹುತದ ಪ್ರಸಂಗದಲ್ಲಿ. 1924ರ ಒಂದು ದಿನ ಗಾಟ್‌ಫ್ರೆಡ್ ಮತ್ತು ಅವನ ಅಣ್ಣ ಕಾರ್ಲ್ ಗೇಯೋರ್ಗ್, ಇನ್ನೂ ತೀರ ಪುಟ್ಟವರು, ಕಾರ್ಯಾಗಾರದಲ್ಲಿ ಆಡುತ್ತಿದ್ದರು. ಚಳಿಗೆ ಕೈ ಕಾಯಿಸಿಕೊಳ್ಳಬೇಕೆಂದು ಬೆಂಕಿ ಹೊತ್ತಿಸಲು ಹೋದಾಗ, ನೆಲದ ಮೇಲೆ ಬಿದ್ದಿದ್ದ ಕೀಸಿದ ಮರದ ಸುರುಳಿಗಳಿಗೆ ಕಿಡಿ ತಗುಲಿತು. ಕಾರ್ಯಾಗಾರವೂ ಅದಕ್ಕೆ ಹೊಂದಿಕೊಂಡಿದ್ದ ಮನೆಯೂ ಸುಟ್ಟು ಬೂದಿಯಾದುವು. ಮಕ್ಕಳಿಗೆ ಅಪಾಯವಾಗಲಿಲ್ಲ. ಎಲ್ಲವನ್ನೂ ಕಳೆದುಕೊಂಡವನು ಚಿಕ್ಕದೊಂದು ಗುಡಿಸಿಲನ್ನು ಕಟ್ಟಿಕೊಂಡಾನೆಂದು ಯಾರಾದರೂ ಎಣಿಸಬಹುದು. ಓಲೆ ಮಾಡಿದ್ದು ಅದಕ್ಕೆ ವಿರುದ್ಧ. ಶಿಲ್ಪಿಯೊಬ್ಬನನ್ನು ಕರೆಸಿ ನಕ್ಷೆ ಬರೆಯಿಸಿ, ಊರಿನಲ್ಲಿಯೇ ಎದ್ದುಕಾಣುವಂತಹ ಇಟ್ಟಿಗೆಯ ಮನೆಯನ್ನೂ ಮೊದಲಿಗಿಂತ ದೊಡ್ಡ ಕಾರ್ಯಾಗಾರವನ್ನೂ ಕಟ್ಟಿಸಿದನು. ಬಾಗಿಲ ಮುಂದೆ ಎರಡು ಸಿಂಹಗಳ ಪ್ರತಿಮೆಗಳು ಬೇರೆ! ಇದು ಧೈರ್ಯವೋ ದುಡುಕೋ ಎಂದು ನಿರ್ಣಯಿಸುವುದು ಕಷ್ಟ. ಸಾಲವಂತೂ ಬೆಳೆಯಿತು.

ಸಾಲ ತೀರುವ ಮೊದಲೇ ಕೆಟ್ಟ ಕಾಲ ಬಂದಿತು. 1929ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ಆರ್ಥಿಕ ಮುಗ್ಗಟ್ಟು ಕೆಲವೇ ವರ್ಷಗಳಲ್ಲಿ ಡೆನ್ಮಾರ್ಕನ್ನೂ ಮುಟ್ಟಿತು. ರೈತರು ಬೆಳೆದ ಪದಾರ್ಥಗಳಿಗೆ ಬೆಲೆ ಇಲ್ಲವಾಯಿತು. ರೈತನ ಬಳಿಯಲ್ಲಿ ಹಣವಿಲ್ಲದಿದ್ದರೆ ಬಡಗಿಗೆ ಕೆಲಸವೆಲ್ಲಿಯದು? ಓಲೆ ತನ್ನ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಬಿಡಿಸಬೇಕಾಯಿತು. 1932ರಲ್ಲಿ ಪತ್ನಿ ಹನ್ಸೀನೆ ತೀರಿಕೊಂಡಳು. ಕಿರಿಯ ಮಗನಿಗೆ ಆಗ ಸುಮಾರು ಆರು ವರ್ಷ. ತಾಯಿಯಿಲ್ಲದ ನಾಲ್ವರು ಮಕ್ಕಳು, ಸಾಲದ ಮನೆ, ಕೆಲಸವಿಲ್ಲದ ಕಾರ್ಯಾಗಾರ, ಇವಿಷ್ಟು ಆತನ ಪಾಲಿಗೆ ಉಳಿದುವು.

ದೊಡ್ಡ ವಸ್ತುಗಳನ್ನು ಕೊಳ್ಳುವವರಿಲ್ಲದಿದ್ದುದರಿಂದ ಆತನು ಚಿಕ್ಕ ವಸ್ತುಗಳ ಕಡೆಗೆ ತಿರುಗಿದನು. ಮನೆಯಲ್ಲಿ ಬಳಸುವ ಮಡಿಸುವ ಏಣಿ, ಬಟ್ಟೆ ಇಸ್ತ್ರಿ ಮಾಡುವ ಹಲಗೆ ಮುಂತಾದುವನ್ನು ಮಾಡಿದನು. ಉಳಿದ ಮರದ ಚೂರುಗಳಿಂದ ಆಟಿಕೆಗಳನ್ನು ಮಾಡಿದನು. ಮರದ ಕಾರು, ಮರದ ಬಸ್ಸು, ಮರದ ರೈಲು, ಹಗ್ಗ ಕಟ್ಟಿ ಎಳೆದರೆ ಬಾಯಿ ತೆರೆದು ಮುಚ್ಚುವ ಬಾತುಕೋಳಿ. ಬಂಧುಗಳಿಗೆ ಇದು ಸರಿತೋರಲಿಲ್ಲ. ಸಾಲಕ್ಕೆ ಜಾಮೀನು ನಿಲ್ಲಲು ಅವರು ಒಪ್ಪಿದರಾದರೂ, ಬೆಳೆದ ಗಂಡಸು ಆಟದ ಸಾಮಾನುಗಳನ್ನು ಮಾಡುತ್ತ ಕೂರುವ ಬದಲು ಉಪಯುಕ್ತವಾದುದೇನನ್ನಾದರೂ ಮಾಡಬಾರದೇ ಎಂದು ಅವರಿಗೆ ಅನಿಸಿತು. ಅವರ ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಹೊಟ್ಟೆಗೇ ಕಷ್ಟವಾಗಿದ್ದ ದಿನಗಳಲ್ಲಿ ಆಟಿಕೆಯನ್ನು ಯಾರು ಕೊಂಡಾರು? ಕೊಂಡವರಲ್ಲಿ ಕೆಲವರು ಹಣಕ್ಕೆ ಬದಲಾಗಿ ಆಹಾರ ಪದಾರ್ಥಗಳನ್ನು ಕೊಟ್ಟದ್ದೂ ಉಂಟು. ಆದರೂ ಓಲೆ ಬಿಡಲಿಲ್ಲ. ಮಕ್ಕಳ ಆಟವೂ ಬಾಗಿಲು ಕಿಟಕಿಗಳಷ್ಟೇ ಅಗತ್ಯವಾದುದು, ಅದನ್ನು ಅಷ್ಟೇ ಜಾಗರೂಕತೆಯಿಂದ ಮಾಡಬೇಕು ಎಂಬುದು ಆತನ ನಂಬಿಕೆಯಾಗಿತ್ತು.

1934ರಲ್ಲಿ ತನ್ನ ಉದ್ಯಮಕ್ಕೊಂದು ಹೆಸರು ಬೇಕೆಂದು ಆತನು ಕೆಲಸಗಾರರ ನಡುವೆ ಒಂದು ಸ್ಪರ್ಧೆ ಏರ್ಪಡಿಸಿದನು. ಬಹುಮಾನ, ತಾನೇ ತಯಾರಿಸಿದ ಒಂದು ಸೀಸೆ ದ್ರಾಕ್ಷಾರಸ. ಕೊನೆಗೆ ಗೆದ್ದ ಹೆಸರು ಆತನದೇ! ಡೇನಿಷ್ ಭಾಷೆಯಲ್ಲಿ ಚೆನ್ನಾಗಿ ಆಡು ಎಂಬ ಅರ್ಥ ಕೊಡುವ ಲೆಗ್, ಗೊಟ್ ಎಂಬ ಎರಡು ಪದಗಳ ಮೊದಲ ಎರಡೆರಡು ಅಕ್ಷರಗಳನ್ನು ಕೂಡಿಸಿ ಲೆಗೊ ಎಂಬ ಹೆಸರನ್ನು ಕಟ್ಟಿದ್ದನು. ಅದೇ ವರ್ಷ ಸೋಫಿ ಎಂಬಾಕೆಯನ್ನು ಮದುವೆಯಾದನು. ಅವರಿಗೆ ಒಬ್ಬ ಮಗಳು ಹುಟ್ಟಿದಳು.

ಆ ದಶಕದ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ಯೋ-ಯೋ ಎಂಬ ಆಟಿಕೆಯನ್ನು ನೀವು ಕಂಡಿರಬಹುದು; ಎರಡು ಬಿಲ್ಲೆಗಳ ನಡುವೆ ದಾರ ಸುತ್ತಿ ಮೇಲಕ್ಕೂ ಕೆಳಕ್ಕೂ ಆಡಿಸುವುದು. ಅದರ ಹುಚ್ಚು ಯುರೋಪಿನಲ್ಲೆಲ್ಲ ಹಬ್ಬಿದಾಗ ಬಿಲ್ಲುಂಡಿನ ಕಾರ್ಯಾಗಾರವೂ ಹಗಲಿರುಳು ಯೋ-ಯೋಗಳನ್ನು ಮಾಡಿತು. ಹುಚ್ಚು ಬಂದಷ್ಟೇ ಬೇಗ ಇಳಿದುಹೋಯಿತು. ಮಾರಾಟವಾಗದ ಯೋ-ಯೋಗಳು ರಾಶಿರಾಶಿಯಾಗಿ ಉಳಿದುವು. ಓಲೆ ಅವುಗಳನ್ನು ಒಲೆಗೆ ಹಾಕಲಿಲ್ಲ. ಪ್ರತಿಯೊಂದನ್ನೂ ನಡುವೆ ಸೀಳಿಸಿ, ಎರಡು ಗಾಲಿಗಳನ್ನಾಗಿ ಮಾಡಿ, ಆಟದ ಲಾರಿಗಳಿಗೆ ಜೋಡಿಸಿದನು. ಲಾರಿಗಳು ಮಾರಾಟವಾದುವು.

ಇನ್ನೊಂದು ಪ್ರಸಂಗ ಮಗನಿಗೆ ಸಂಬಂಧಿಸಿದುದು. ಗಾಟ್‌ಫ್ರೆಡ್ ಬಾಲ್ಯದಿಂದಲೇ ತಂದೆಯೊಡನೆ ಕೆಲಸಕ್ಕೆ ನಿಂತಿದ್ದನು. ಮರದ ಬಾತುಕೋಳಿಗಳಿಗೆ ಮೂರು ಸಲ ವಾರ್ನಿಷ್ ಬಳಿಯುವುದು ಅಲ್ಲಿಯ ಪದ್ಧತಿ. ಒಮ್ಮೆ ಹುಡುಗನು ಎರಡೇ ಸಲ ಬಳಿದು, ಪೆಟ್ಟಿಗೆಗಳಲ್ಲಿ ತುಂಬಿ, ರೈಲು ನಿಲ್ದಾಣಕ್ಕೆ ಸಾಗಿಸಿ ಬಂದನು. ಒಂದು ಸಲದ ವಾರ್ನಿಷ್ ಉಳಿಸಿದ್ದಕ್ಕೆ ತಂದೆ ಮೆಚ್ಚುತ್ತಾನೆಂದು ಹಿಗ್ಗಿನಿಂದ ಹೇಳಿಕೊಂಡನು. ತಂದೆ ಮೆಚ್ಚಲಿಲ್ಲ, ಗದರಿಸಲೂ ಇಲ್ಲ. ಪೆಟ್ಟಿಗೆಗಳನ್ನೆಲ್ಲ ಹಿಂದಕ್ಕೆ ತಂದು, ಬಿಚ್ಚಿ, ಮೂರನೆಯ ಲೇಪವನ್ನು ಬಳಿದು, ಮತ್ತೆ ತುಂಬಿ ನಿಲ್ದಾಣಕ್ಕೆ ಮುಟ್ಟಿಸಿ ಬರಬೇಕೆಂದೂ, ರಾತ್ರಿಯೆಲ್ಲ ಹಿಡಿದರೂ ಇದನ್ನು ಆತನೊಬ್ಬನೇ ಮಾಡಬೇಕೆಂದೂ ವಿಧಿಸಿದನು. ಮೂರನೆಯ ಲೇಪವಿದೆಯೋ ಇಲ್ಲವೋ ಎಂಬುದು ಕೊಳ್ಳುವವನ ಕಣ್ಣಿಗೆ ಕಾಣುವುದಿಲ್ಲ. ಆದರೆ ವರ್ಷ ಕಳೆದ ಮೇಲೆ ಬಣ್ಣ ಹೋದ ಬಾತುಕೋಳಿ ಮಗುವಿನ ಕೈಯಲ್ಲಿರುತ್ತದೆ. ಮಕ್ಕಳಿಗೆ ಅತ್ಯುತ್ತಮವಾದುದನ್ನು ಕೊಟ್ಟರೂ ಅದು ಅತಿಯಾಗದು ಎಂಬ ಅರ್ಥದ ವಾಕ್ಯವೊಂದನ್ನು ಗಾಟ್‌ಫ್ರೆಡ್ ಮುಂದೆ ತನ್ನ ಕೈಯಿಂದಲೇ ಮರದಲ್ಲಿ ಕೆತ್ತಿ ಕಾರ್ಯಾಗಾರದ ಗೋಡೆಗೆ ತೂಗುಹಾಕಿದನು.

1940ರಲ್ಲಿ ಜರ್ಮನ್ ಸೈನ್ಯವು ಡೆನ್ಮಾರ್ಕನ್ನು ಆಕ್ರಮಿಸಿತು. ಆ ಕಷ್ಟಕಾಲದ ನಡುವೆಯೇ 1942ರಲ್ಲಿ ಕಾರ್ಖಾನೆಗೆ ಮತ್ತೊಮ್ಮೆ ಬೆಂಕಿ ಬಿದ್ದಿತು. ಕಟ್ಟಡ ಹೋಯಿತು, ಆಟಿಕೆಗಳು ಹೋದುವು, ವರ್ಷಗಳಿಂದ ರೂಪಿಸಿದ್ದ ಮಾದರಿಗಳೂ ನಕ್ಷೆಗಳೂ ಹೋದುವು. ಓಲೆಗೆ ಆಗ ಐವತ್ತು ದಾಟಿತ್ತು. ಎಲ್ಲವನ್ನೂ ಇಲ್ಲಿಗೇ ಬಿಟ್ಟುಬಿಡುವ ಯೋಚನೆ ಆತನಿಗೆ ಬಾರದೆ ಇರಲಿಲ್ಲ. ಆದರೆ ಆತನನ್ನೇ ನಂಬಿದ ಕೆಲಸಗಾರರಿದ್ದರು. ಮೂರನೆಯ ಸಲ ಕಾರ್ಯಾಗಾರ ಎದ್ದು ನಿಂತಿತು.

ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಎಂಬ ಹೊಸ ವಸ್ತುವಿನ ಕಾಲ ಬಂದಿತು. ಅದನ್ನು ಕಾಯಿಸಿ ಮೆದುವಾಗಿಸಿ, ಒತ್ತಡದಿಂದ ಲೋಹದ ಅಚ್ಚಿನೊಳಕ್ಕೆ ತಳ್ಳಿ, ಆರಿದ ಮೇಲೆ ಹೊರತೆಗೆಯುವ ಯಂತ್ರವೊಂದು ಇಂಗ್ಲೆಂಡಿನಲ್ಲಿ ತಯಾರಾಗುತ್ತಿತ್ತು. ಓಲೆ ಅದನ್ನು ಕಂಡು ಮರುಳಾದನು. ಅದರ ಬೆಲೆ ಸುಮಾರು 30,000 ಕ್ರೋನರುಗಳು. ಹಳ್ಳಿಯ ಆಟಿಕೆ ಕಾರ್ಖಾನೆಗೆ ಅದು ದೊಡ್ಡ ಮೊತ್ತ. ಮರವನ್ನು ಬಲ್ಲವನು ಮರವನ್ನೇ ನಂಬಬೇಕೆಂದು ಮನೆಯವರೂ ವಿರೋಧಿಸಿದರು. ಆತನು ಕೇಳಲಿಲ್ಲ, ಯಂತ್ರ ಬಿಲ್ಲುಂಡಿಗೆ ಬಂದಿತು. ಹೀಗೆ ಸಾಲ ಮಾಡಿ ಮುನ್ನುಗ್ಗುವ ಸ್ವಭಾವವನ್ನು ಎಲ್ಲರೂ ಅನುಕರಿಸಲೆಂದು ನಾನು ಹೇಳಲಾರೆ. ಹಾಗೆ ಮಾಡಿ ನೆಲಕಚ್ಚಿದವರ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲವಷ್ಟೆ.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕು. ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಯ ಕಲ್ಪನೆ ಮೊದಲು ಮೂಡಿದ್ದು ಓಲೆಗಲ್ಲ. ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಎಂಬಾತನು ಅಂತಹ ಇಟ್ಟಿಗೆಗಳನ್ನು ರೂಪಿಸಿ, ಕಿಡ್ಡಿಕ್ರಾಫ್ಟ್ ಎಂಬ ತನ್ನ ಸಂಸ್ಥೆಯ ಮೂಲಕ ಮಾರುತ್ತಿದ್ದನು. ಅದರ ಮಾದರಿಗಳು ಓಲೆಯ ಕೈಗೆ ಬಂದುವು. ತಂದೆ ಮಕ್ಕಳು ಅವನ್ನು ಪರೀಕ್ಷಿಸಿ, ಅಳತೆಗಳನ್ನು ಸ್ವಲ್ಪ ಬದಲಿಸಿ, ಅಂಚುಗಳನ್ನು ಚೂಪುಗೊಳಿಸಿ 1949ರಲ್ಲಿ ತಮ್ಮ ಇಟ್ಟಿಗೆಗಳನ್ನು ಮಾರಾಟಕ್ಕೆ ತಂದರು. ಪೇಜ್ 1957ರಲ್ಲಿ ತೀರಿಕೊಂಡನು. ಬಹುಕಾಲದ ಮೇಲೆ, 1981ರಲ್ಲಿ, ಲೆಗೊ ಸಂಸ್ಥೆಯು ಆ ಇಟ್ಟಿಗೆಯ ಹಕ್ಕುಗಳನ್ನು ಕೊಂಡುಕೊಂಡಿತು. ಆ ವೇಳೆಗೆ ಮೊದಲು ಕಲ್ಪಿಸಿದವನ ಹೆಸರು ಬಹುಮಂದಿಗೆ ಮರೆತುಹೋಗಿತ್ತು. ಓಲೆಯ ಕೀರ್ತಿಯನ್ನು ಹೇಳುವಾಗ ಪೇಜನ ಹೆಸರನ್ನೂ ಹೇಳುವುದು ನ್ಯಾಯ.

ಆ ಮೊದಲ ಇಟ್ಟಿಗೆಗಳು ಅಷ್ಟೇನೂ ಜನಪ್ರಿಯವಾಗಲಿಲ್ಲ. ಮೇಲೆ ಗುಬುಟುಗಳು, ಒಳಗೆ ಬರಿಯ ಟೊಳ್ಳು. ಕೆಳಗಿನ ಇಟ್ಟಿಗೆಯ ಗುಬುಟುಗಳನ್ನು ಮೇಲಿನದರ ಗೋಡೆಗಳು ಮಾತ್ರ ಹಿಡಿದಿರುತ್ತಿದ್ದುದರಿಂದ ಕಟ್ಟಿದ ವಸ್ತು ಸ್ವಲ್ಪ ಅಲುಗಿದರೂ ಕಳಚಿ ಬೀಳುತ್ತಿತ್ತು. ಮನೆಯ ಗೋಡೆ ಕಟ್ಟಬಹುದಾಗಿತ್ತು. ಓಡುವ ಗಾಡಿಯನ್ನು ಕಟ್ಟುವ ಮಾತೇ ಇರಲಿಲ್ಲ. ಅಂಗಡಿಗಳಿಂದ ಪೆಟ್ಟಿಗೆಗಳು ಹಿಂದಿರುಗಿ ಬಂದುವು. 1950ರ ದಶಕದ ಆರಂಭದಲ್ಲಿ ಕಾರ್ಖಾನೆಗೆ ಹೆಸರು ತಂದದ್ದು ಇಟ್ಟಿಗೆಯಲ್ಲ, ಫರ್ಗುಸನ್ ಟ್ರಾಕ್ಟರಿನ ಪ್ಲಾಸ್ಟಿಕ್ ಪ್ರತಿರೂಪ. ಯುದ್ಧಾನಂತರದ ಡೆನ್ಮಾರ್ಕಿನ ಹೊಲಗಳಲ್ಲಿ ನಿಜವಾದ ಟ್ರಾಕ್ಟರುಗಳು ಕುದುರೆಗಳ ಸ್ಥಾನಕ್ಕೆ ಬರುತ್ತಿದ್ದ ಕಾಲವದು. ಆಟಿಕೆಯನ್ನು ಬಿಡಿಭಾಗಗಳಾಗಿಯೂ ಮಾರುತ್ತಿದ್ದುದರಿಂದ ಮಕ್ಕಳು ಅದನ್ನು ತಾವೇ ಜೋಡಿಸಬಹುದಾಗಿತ್ತು. ಕಟ್ಟಿ ಆಡುವ ವಾಹನಕ್ಕೆ ಬಿಲ್ಲುಂಡಿನಲ್ಲಿ ಬಿದ್ದ ಮೊದಲ ಬೀಜಗಳಲ್ಲಿ ಇದೂ ಒಂದೆನ್ನಬಹುದು.

ಇಷ್ಟರಲ್ಲಿ ಓಲೆಯ ಆರೋಗ್ಯ ಕುಗ್ಗುತ್ತ ಬಂದಿತು. ಆಡಳಿತದ ಹೊಣೆ ಕ್ರಮೇಣ ಗಾಟ್‌ಫ್ರೆಡ್‌ನ ಹೆಗಲಿಗೆ ಬಂದಿತು. 1954ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಅವನು ಕೋಪನ್‌ಹೇಗನ್ನಿನ ಒಂದು ದೊಡ್ಡ ಮಳಿಗೆಗೆ ಆಟಿಕೆಗಳನ್ನು ಕೊಳ್ಳುವ ಅಧಿಕಾರಿಯೊಬ್ಬನೊಡನೆ ಮಾತಿಗೆ ತೊಡಗಿದನು. ಆಟಿಕೆಗಳ ಲೋಕದಲ್ಲಿ ಒಂದಕ್ಕೂ ಮತ್ತೊಂದಕ್ಕೂ ಸಂಬಂಧವೇ ಇಲ್ಲ, ಯಾವ ವ್ಯವಸ್ಥೆಯೂ ಇಲ್ಲವೆಂದು ಆ ಅಧಿಕಾರಿ ದೂರಿದನು. ಈ ಮಾತು ಗಾಟ್‌ಫ್ರೆಡ್‌ನ ಮನಸ್ಸನ್ನು ಹಿಡಿಯಿತು. ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ನೂರಾರು ಆಟಿಕೆಗಳಲ್ಲಿ ಹಾಗೊಂದು ವ್ಯವಸ್ಥೆಯಾಗಿ ಬೆಳೆಯಬಲ್ಲದ್ದು ಇಟ್ಟಿಗೆಯೊಂದೇ. ಇಂದು ಕೊಂಡ ಪೆಟ್ಟಿಗೆಯ ಇಟ್ಟಿಗೆ ಮುಂದಿನ ವರ್ಷ ಕೊಂಡದ್ದಕ್ಕೂ ಕೂಡಿಕೊಳ್ಳಬೇಕು. 1955ರಲ್ಲಿ ಈ ತತ್ತ್ವದ ಮೇಲೆ ಒಂದು ಊರಿನ ಮಾದರಿಯನ್ನು ಹೊರತಂದರು. ಅದರ ಬೀದಿಗಳಲ್ಲಿ ಪುಟ್ಟ ಕಾರುಗಳಿದ್ದುವು, ಆದರೆ ಅವು ಇಟ್ಟಿಗೆಗಳಿಂದ ಕಟ್ಟಿದವಲ್ಲ, ಇಡಿಯಾಗಿ ತಯಾರಿಸಿದುವು.

ಉಳಿದದ್ದು ಹಿಡಿತದ ಸಮಸ್ಯೆ. ಅದಕ್ಕೆ ದೊರೆತ ಪರಿಹಾರ ಎಷ್ಟು ಸರಳವೆಂದರೆ ಬಡಗಿಯ ಮನೆಯವರಿಗೇ ಅದು ಹೊಳೆಯಬೇಕು. ಇಟ್ಟಿಗೆಯ ಟೊಳ್ಳಿನೊಳಗೆ ಕೊಳವೆಗಳನ್ನು ನಿಲ್ಲಿಸಿದರು. ಎಂಟು ಗುಬುಟುಗಳ ಇಟ್ಟಿಗೆಗೆ ಮೂರು ಕೊಳವೆ. ಕೆಳಗಿನ ಇಟ್ಟಿಗೆಯ ಗುಬುಟು ಈಗ ಗೋಡೆಗೂ ಕೊಳವೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಎಳೆದರೆ ಬಿಡುತ್ತದೆ, ತಾನಾಗಿ ಬಿಡುವುದಿಲ್ಲ. ಮರದ ಕಚ್ಚಿನಲ್ಲಿ ಬಡಗಿ ಸಾಧಿಸುವುದೂ ಇದೇ. ಸಡಿಲವಾದರೆ ಕಳಚುತ್ತದೆ, ಬಿಗಿಯಾದರೆ ಸೀಳುತ್ತದೆ. ಆದುದರಿಂದ ಅಚ್ಚುಗಳನ್ನು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗಗಳಷ್ಟು ಕೂಡ ಅಂತರ ಬರದಂತೆ ಕೊರೆಯಬೇಕಾಯಿತು. ಎಂಟು ಗುಬುಟುಗಳ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಕೂಡಿಸಬಹುದು. ಅಂತಹ ಆರು ಇಟ್ಟಿಗೆಗಳಿದ್ದರೆ 91,51,03,765 ಬಗೆಗಳಲ್ಲಿ ಕೂಡಿಸಬಹುದೆಂದು ಕೋಪನ್‌ಹೇಗನ್ನಿನ ಗಣಿತಜ್ಞರು ಈಚೆಗೆ ಲೆಕ್ಕ ಹಾಕಿದ್ದಾರೆ.

1958ರ ಜನವರಿ 28ರಂದು ಈ ಹೊಸ ಇಟ್ಟಿಗೆಯ ಏಕಸ್ವಾಮ್ಯಕ್ಕಾಗಿ ಗಾಟ್‌ಫ್ರೆಡ್ ಅರ್ಜಿ ಸಲ್ಲಿಸಿದನು. ಆರು ವಾರಗಳ ಬಳಿಕ, ಮಾರ್ಚ್ 11ರಂದು, ಓಲೆ ಕಿರ್ಕ್ ಹೃದಯಾಘಾತದಿಂದ ಮರಣ ಹೊಂದಿದನು. ಆಗ ಆತನಿಗೆ ಅರವತ್ತಾರು ವರ್ಷ. ಇಟ್ಟಿಗೆಗೆ ಹಿಡಿತ ಬಂದುದನ್ನು ಆತನು ಕಂಡನು. ಅದಕ್ಕೆ ಗಾಲಿ ಬಂದುದನ್ನು ಕಾಣಲಿಲ್ಲ.

ತಂದೆಯ ಮರಣಾನಂತರ ಮನೆಯೊಳಗೆ ಒಮ್ಮತವಿರಲಿಲ್ಲ. 1960ರಲ್ಲಿ ಮರದ ಆಟಿಕೆಗಳ ಉಗ್ರಾಣಕ್ಕೆ ಬೆಂಕಿ ಬಿದ್ದಾಗ, ಇನ್ನು ಮರದ ಕೆಲಸವೇ ಬೇಡ, ಇಟ್ಟಿಗೆಯೊಂದೇ ಸಾಕು ಎಂದು ಗಾಟ್‌ಫ್ರೆಡ್ ನಿಶ್ಚಯಿಸಿದನು. ಇಬ್ಬರು ಸಹೋದರರು ಸಂಸ್ಥೆಯನ್ನು ಬಿಟ್ಟುಹೋದರು. ತಂದೆ ಬದುಕಿದ್ದರೆ ಮರವನ್ನು ಬಿಡಲು ಒಪ್ಪುತ್ತಿದ್ದನೇ? ಊಹಿಸುವುದು ಕಷ್ಟ. ಪ್ಲಾಸ್ಟಿಕ್ ಯಂತ್ರವನ್ನು ಹಟ ಹಿಡಿದು ತಂದವನೂ ಆತನೇ, ಬಾತುಕೋಳಿಗೆ ಮೂರನೆಯ ಲೇಪ ಬಳಿಸಿದವನೂ ಆತನೇ.

1962ರಲ್ಲಿ ಇಟ್ಟಿಗೆಗೆ ಜೋಡಿಸಬಹುದಾದ ಗಾಲಿಗಳು ಬಂದುವು. ರಬ್ಬರಿನ ಟೈರು ತೊಟ್ಟ ಆ ಚಿಕ್ಕ ಗಾಲಿಯಿಂದ ಕಟ್ಟುವ ಆಟದ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ನಿಂತಿದ್ದುದು ಈಗ ಚಲಿಸಿತು. ಮರುವರ್ಷ, ಬೇಗ ಸೊಟ್ಟಗಾಗುತ್ತಿದ್ದ ಹಳೆಯ ಪ್ಲಾಸ್ಟಿಕ್ಕಿನ ಬದಲು ಆಕಾರ ಕೆಡದ ಗಟ್ಟಿಯಾದ ಹೊಸ ಪ್ಲಾಸ್ಟಿಕ್ಕನ್ನು ಬಳಸತೊಡಗಿದರು. 1966ರಲ್ಲಿ ಬಂದ ರೈಲಿನಲ್ಲಿ 4.5 ವೋಲ್ಟಿನ ಮೋಟಾರು ಇತ್ತು. ನೀಲಿ ಹಳಿಗಳ ಮೇಲೆ ಅದು ತಾನಾಗಿಯೇ ಓಡಿತು.

ಮೋಟಾರನ್ನು ಗಾಲಿಗೆ ನೇರವಾಗಿ ಕಟ್ಟಿದರೆ ಗಾಡಿ ಓಡುತ್ತದೆ ಎಂದುಕೊಂಡವನು ಒಮ್ಮೆ ಮಾಡಿ ನೋಡಬೇಕು. ಚಿಕ್ಕ ಮೋಟಾರು ಬಲು ವೇಗವಾಗಿ ತಿರುಗುತ್ತದೆ, ಆದರೆ ಅದರ ತಿರುಚುವ ಶಕ್ತಿ ಅತ್ಯಲ್ಪ. ಗಾಡಿಯ ಭಾರಕ್ಕೆ ಅದು ಗುಂಯ್‌ಗುಟ್ಟಿ ನಿಂತುಬಿಡುತ್ತದೆ. ಇಲ್ಲಿಯೇ ಹಲ್ಲುಚಕ್ರದ ಉಪಕಾರ. ಮೋಟಾರಿನ ಇರುಸಿಗೆ 8 ಹಲ್ಲುಗಳ ಚಕ್ರವನ್ನು ತೊಡಿಸಿ, ಅದಕ್ಕೆ 24 ಹಲ್ಲುಗಳ ಚಕ್ರವನ್ನು ತಾಗಿಸಿದರೆ, ಚಿಕ್ಕದು ಮೂರು ಸುತ್ತು ಸುತ್ತಿದಾಗ ದೊಡ್ಡದು ಒಂದು ಸುತ್ತು ಸುತ್ತುತ್ತದೆ. ವೇಗ ಮೂರರಲ್ಲಿ ಒಂದು ಪಾಲಾಯಿತು, ತಿರುಚುವ ಶಕ್ತಿ ಸುಮಾರು ಮೂರರಷ್ಟಾಯಿತು. ಆ ದೊಡ್ಡ ಚಕ್ರದ ಇರುಸಿಗೇ ಮತ್ತೊಂದು 8 ಹಲ್ಲಿನ ಚಕ್ರವನ್ನು ಹಾಕಿ 40 ಹಲ್ಲಿನದಕ್ಕೆ ತಾಗಿಸಿದರೆ ಐದು ಪಟ್ಟು. ಎರಡೂ ಕೂಡಿ ಹದಿನೈದು ಪಟ್ಟು. ಹಲ್ಲುಗಳ ಉಜ್ಜಾಟದಲ್ಲಿ ಸ್ವಲ್ಪ ಶಕ್ತಿ ವ್ಯರ್ಥವಾಗುವುದು ನಿಜ. ಆದರೂ ನಿಂತುಹೋಗಿದ್ದ ಗಾಡಿ ಈಗ ನಿಧಾನವಾಗಿ, ಗಂಭೀರವಾಗಿ ಏರನ್ನು ಹತ್ತುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ನೀವು ಓದುವ ಸೂತ್ರವೇ ಇದು.

ಈ ವಿದ್ಯೆಗೆ ಪೂರ್ಣ ಅವಕಾಶ ದೊರೆತದ್ದು 1977ರಲ್ಲಿ. ಆ ವರ್ಷ ಬಂದ ತಾಂತ್ರಿಕ ಮಾದರಿಗಳಲ್ಲಿ ಉದ್ದಕ್ಕೂ ರಂಧ್ರಗಳಿರುವ ತೊಲೆಗಳಿದ್ದುವು, ಅಡ್ಡ ಕತ್ತರಿಸಿದರೆ ಕೂಡು ಚಿಹ್ನೆಯಂತೆ ಕಾಣುವ ಇರುಸುಗಳಿದ್ದುವು, ಬಗೆಬಗೆಯ ಹಲ್ಲುಚಕ್ರಗಳಿದ್ದುವು. ಇರುಸಿನ ಆಕಾರ ಹಾಗಿರುವುದರಿಂದ ಅದಕ್ಕೆ ತೊಡಿಸಿದ ಚಕ್ರ ಜಾರದೆ ಇರುಸಿನೊಡನೆಯೇ ತಿರುಗುತ್ತದೆ. ತೊಲೆಯ ಗುಂಡು ರಂಧ್ರದಲ್ಲಾದರೋ ಇರುಸು ತಡೆಯಿಲ್ಲದೆ ತಿರುಗುತ್ತದೆ. ಆ ವರ್ಷದ ಒಂದು ಕಾರಿನ ಚೌಕಟ್ಟಿನಲ್ಲಿ ಚುಕ್ಕಾಣಿಯನ್ನು ತಿರುಗಿಸಿದರೆ ಮುಂದಿನ ಗಾಲಿಗಳು ಹೊರಳುತ್ತಿದ್ದುವು, ಗಾಲಿ ಉರುಳಿದರೆ ಎಂಜಿನ್ನಿನ ಕೊಂತಗಳು ಮೇಲೆ ಕೆಳಗೆ ಆಡುತ್ತಿದ್ದುವು. ಬೇಕೆಂದವರು ಮೋಟಾರನ್ನು ಬೇರೆಯಾಗಿ ಕೊಂಡು ಜೋಡಿಸಬಹುದಾಗಿತ್ತು. ಕೆಲವು ವರ್ಷಗಳಲ್ಲಿ, ತಿರುವಿನಲ್ಲಿ ಹೊರಬದಿಯ ಗಾಲಿ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಲು ಅನುವಾಗುವ ಹಲ್ಲುಚಕ್ರಗಳ ಜೋಡಣೆಯೂ ಸೇರಿತು. ರಸ್ತೆಯ ಮೇಲಿನ ಬಸ್ಸು ಲಾರಿಗಳ ಹಿಂದಿನ ಇರುಸಿನ ನಡುವೆ ಕಾಣುವ ಗುಂಡನೆಯ ಗಡ್ಡೆಯೊಳಗೆ ಇರುವುದು ಇದೇ ಜೋಡಣೆ.

ಇದರ ರುಚಿ ಹತ್ತಿದವರು ಪೆಟ್ಟಿಗೆಯೊಡನೆ ಬಂದ ಚಿತ್ರಗಳನ್ನು ಅನುಸರಿಸಿ ನಿಲ್ಲುವುದಿಲ್ಲ. ರಸ್ತೆಯಲ್ಲಿ ಕಂಡ ವಾಹನವನ್ನು ತಾವೇ ಅಳೆದು, ತಾವೇ ಯೋಚಿಸಿ ಕಟ್ಟುತ್ತಾರೆ. ಹಲ್ಲುಚಕ್ರಗಳು ಕಟಕಟನೆ ಸದ್ದು ಮಾಡಿ ಜಾರಿದರೆ ಇರುಸು ಬಾಗಿದೆಯೆಂದು ತಿಳಿದು, ಎರಡು ಕಡೆಯಿಂದಲೂ ತೊಲೆಯ ಆಸರೆ ಕೊಡುತ್ತಾರೆ. ಭಾರವೆಲ್ಲ ಮೇಲಾಗಿ ಗಾಡಿ ಉರುಳಿದರೆ ಬ್ಯಾಟರಿಯನ್ನು ತಳಕ್ಕೆ ತರುತ್ತಾರೆ. 1998ರಿಂದೀಚೆಗೆ ಗಣಕಯಂತ್ರದ ಆಜ್ಞೆಗಳನ್ನು ನೆನಪಿಟ್ಟುಕೊಂಡು ಮೋಟಾರುಗಳನ್ನು ನಡೆಸುವ ಇಟ್ಟಿಗೆಯೂ ಬಂದಿದೆ. ಈ ಸಾಮಗ್ರಿಗಳು ದುಬಾರಿಯೆಂಬುದನ್ನು ಅಲ್ಲಗಳೆಯಲಾಗದು. ಎಲ್ಲರ ಮನೆಗೂ ಅವು ಬರಲಾರವು. ಆದರೆ ದಾರದ ಖಾಲಿ ಉರುಳೆ, ರಟ್ಟು, ರಬ್ಬರ್ ಪಟ್ಟಿ, ಹಳೆಯ ಆಟಿಕೆಯಿಂದ ತೆಗೆದ ಮೋಟಾರು ಇಷ್ಟಿದ್ದರೂ ಚಕ್ರದಿಂದ ಚಕ್ರಕ್ಕೆ ಚಲನೆ ಸಾಗುವ ಬಗೆಯನ್ನು ಕಟ್ಟಿ ನೋಡಬಹುದು. ಯೋ-ಯೋವನ್ನು ಸೀಳಿ ಗಾಲಿ ಮಾಡಿದ ಬಡಗಿ ಅದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದನು.

2018ರಲ್ಲಿ ಲೆಗೊ ಸಂಸ್ಥೆಯ ಕುಶಲಕರ್ಮಿಗಳು ಬುಗಾಟಿ ಷಿರಾನ್ ಎಂಬ ಕಾರಿನ ಪ್ರತಿರೂಪವನ್ನು ನಿಜವಾದ ಕಾರಿನ ಅಳತೆಯಲ್ಲಿಯೇ ಕಟ್ಟಿದರು. ಅದಕ್ಕೆ 10 ಲಕ್ಷಕ್ಕೂ ಹೆಚ್ಚು ಬಿಡಿಭಾಗಗಳು ಬೇಕಾದುವು. ತೂಕ ಸುಮಾರು ಒಂದೂವರೆ ಟನ್ನು. ಅದನ್ನು ನಡೆಸಿದ್ದು ಒಂದು ದೊಡ್ಡ ಎಂಜಿನ್ನಲ್ಲ. ಮಕ್ಕಳ ಆಟಿಕೆಗಳಲ್ಲಿರುವಂತಹ 2,304 ಪುಟ್ಟ ಮೋಟಾರುಗಳು 4,032 ಹಲ್ಲುಚಕ್ರಗಳ ಮೂಲಕ ತಮ್ಮ ಅಲ್ಪಸ್ವಲ್ಪ ಶಕ್ತಿಯನ್ನು ಕೂಡಿಸಿದುವು. ಎಲ್ಲ ಸೇರಿಯೂ ಸುಮಾರು ಐದು ಕುದುರೆಗಳ ಬಲ. ಅಷ್ಟರಿಂದಲೇ ಆ ಕಾರು ಚಾಲಕನನ್ನು ಕೂರಿಸಿಕೊಂಡು ಗಂಟೆಗೆ 20 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡಿತು. ಬಿಡಿಭಾಗಗಳನ್ನು ಕೂಡಿಸಲು ಅಂಟನ್ನು ಬಳಸಿರಲಿಲ್ಲ. ಭಾರವನ್ನು ತಾಳಲು ಒಳಗೆ ಉಕ್ಕಿನ ಚೌಕಟ್ಟನ್ನು ಕೊಡಬೇಕಾಯಿತು. ಗಾಲಿಗಳನ್ನು ಮಾತ್ರ ನಿಜವಾದ ಕಾರಿನಿಂದಲೇ ತಂದು ಜೋಡಿಸಿದರು.